ಅಧಿಶೋಷಿತ ಪರಮಾಣುಗಳು ಮತ್ತು ಅತಿತೆಳು ಲೋಹಪೊರೆಗಳ ಕಾಂತತೆ

ಕೆಲವೇ ಪರಮಾಣುಸ್ತರಗಳಷ್ಟು ದಪ್ಪವುಳ್ಳ ಕಬ್ಬಿಣ, ಕೋಬಾಲ್ಟ್ ಅಥವಾ ನಿಕಲ್ ಪೊರೆಯ ಮೇಲ್ಮೈಗೆ ಅನ್ಯ ಪರಮಾಣುಗಳು ಅಂಟಿಕೊಂಡಾಗ, ಎಂದರೆ ಅಧಿಶೋಷಿತವಾದಾಗ, ಅದರ ಕಾಂತತೆಯ ಪ್ರಮಾಣವೂ ದಿಕ್ಕೂ ಮಾರ್ಪಡುವ ವಿದ್ಯಮಾನ. ಗಟ್ಟಿ ಲೋಹದಲ್ಲಿ ಮೇಲ್ಮೈ ಪರಮಾಣುಗಳ ಪಾಲು ಗಣನೆಗೆ ಬಾರದಷ್ಟು ಅಲ್ಪ. ಹತ್ತು ಸ್ತರಗಳ ಪೊರೆಯಲ್ಲಾದರೋ ಹೊರಸ್ತರವೊಂದೇ ಒಟ್ಟಿನ ದಶಾಂಶವಾಗುವುದರಿಂದ ಅಲ್ಲಿನ ರಾಸಾಯನಿಕ ವ್ಯಾಪಾರ ಇಡೀ ಪೊರೆಯ ಸ್ವಭಾವವನ್ನೇ ನಿರ್ಧರಿಸಬಲ್ಲುದು.

ಇದಕ್ಕೆ ಅತ್ಯಂತ ಸ್ಫುಟವಾದ ನಿದರ್ಶನ ತಾಮ್ರಸ್ಫಟಿಕದ (001) ತಲದ ಮೇಲೆ ಬೆಳೆಸಿದ ನಿಕಲ್. ತಾಮ್ರದ ಜಾಲಕ ನಿಕಲಿನದಕ್ಕಿಂತ ಸುಮಾರು ಶೇ. 2.5ರಷ್ಟು ವಿಶಾಲವಾದುದರಿಂದ, ಅದಕ್ಕೆ ಹೊಂದಿಕೊಂಡು ಬೆಳೆದ ನಿಕಲ್ ಅಡ್ಡಲಾಗಿ ಹಿಗ್ಗಿ ಎತ್ತರದಲ್ಲಿ ಕುಗ್ಗುತ್ತದೆ. ಈ ವಿಕೃತಿ ಕಾಂತೀಕರಣವನ್ನು ಪೊರೆಗೆ ಲಂಬವಾಗಿ ನಿಲ್ಲಿಸಹೊರಟರೆ, ಮೇಲ್ಮೈ ಅದನ್ನು ಸಮತಲದಲ್ಲಿಯೇ ಮಲಗಿಸಲೆಳಸುತ್ತದೆ. ಶುಚಿಯಾದ ನಿರ್ವಾತದಲ್ಲಿ ಹತ್ತು-ಹನ್ನೊಂದು ಸ್ತರಗಳವರೆಗೆ ಮೇಲ್ಮೈಯದೇ ಮೇಲುಗೈ. ಜಲಜನಕ ಬಂದು ಕುಳಿತೊಡನೆ ಆ ಸೆಳೆತ ಸಡಿಲಿ, ಏಳು ಸ್ತರಗಳ ಹೊತ್ತಿಗೇ ಕಾಂತೀಕರಣ ಎದ್ದು ನಿಲ್ಲುತ್ತದೆ. ಮೊದಲೇ ಆಮ್ಲಜನಕವನ್ನು ಲೇಪಿಸಿದ ತಾಮ್ರದ ಮೇಲೆ ನಿಕಲನ್ನು ಬೆಳೆಸಿದರೆ, ಆಮ್ಲಜನಕ ಹೂತುಹೋಗದೆ ಬೆಳೆಯುವ ಪೊರೆಯ ಮೇಲಕ್ಕೇ ತೇಲುತ್ತ ಬಂದು, ಐದು ಸ್ತರಗಳ ಸುಮಾರಿಗೇ ಈ ಪಲ್ಲಟವನ್ನುಂಟುಮಾಡುತ್ತದೆ. 2004ರಲ್ಲಿ ಜರ್ಮನಿಯ ಹಾಲೆ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಾಂಡರ್, ಕಿರ್ಷ್ನರ್ ಮೊದಲಾದವರು, ಜಲಜನಕವನ್ನು ಊಡಿಸಿ ಮತ್ತೆ ಬಿಡಿಸಿ, ಒಂದೇ ಪೊರೆಯ ಕಾಂತದಿಕ್ಕನ್ನು ಹಿಂದುಮುಂದಾಗಿ ಹೊರಳಿಸಿ ತೋರಿದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮನೋಹರವಾದ ಪ್ರಯೋಗ ವಿರಳ.

ಇಂಥ ಮಾಪನಗಳಲ್ಲಿ ಧ್ರುವೀಕೃತ ಲೇಸರ್ ಕಿರಣವನ್ನು ಪೊರೆಯಿಂದ ಪ್ರತಿಫಲಿಸಿ, ಅದರ ಧ್ರುವೀಕರಣ ಎಷ್ಟು ತಿರುಗಿತೆಂದು ನೋಡುವ ಕೆರ್ ಪರಿಣಾಮವನ್ನು ಬಳಸುವುದುಂಟು. 10⁻⁶ ಟಾರ್ ಒತ್ತಡದಲ್ಲಿ, ತಗುಲಿದ ಅಣುವೆಲ್ಲ ಅಂಟಿಕೊಳ್ಳುವುದಾದರೆ, ಕೆಲವೇ ಸೆಕೆಂಡುಗಳಲ್ಲಿ ಮೇಲ್ಮೈಯೆಲ್ಲ ಮುಚ್ಚಿಹೋಗುವುದರಿಂದ, ಸುಮಾರು 10⁻¹⁰ ಟಾರಿನ ನಿರ್ವಾತ ಇಲ್ಲಿ ಅನಿವಾರ್ಯ. ಈ ಎಚ್ಚರ ಎಷ್ಟು ಅಗತ್ಯವೆಂಬುದು 1970ರಲ್ಲಿ ಲೀಬರ್ಮನ್ ಮತ್ತು ಸಂಗಡಿಗರು ಜಲದ್ರಾವಣದಲ್ಲಿ ವಿದ್ಯುಲ್ಲೇಪನದಿಂದ ಬೆಳೆಸಿದ ಪೊರೆಗಳಲ್ಲಿ ಕಂಡ 'ಮೃತಸ್ತರ'ಗಳ ಚರಿತ್ರೆಯಿಂದ ವಿದಿತವಾಗುತ್ತದೆ: ಕಾಂತತೆಯಿಲ್ಲದ ಆ ಸ್ತರಗಳು ನಿರ್ವಾತದಲ್ಲಿ ಬೆಳೆಸಿದ ಶುದ್ಧ ಪೊರೆಗಳ ಮೇಲ್ಮೈಯಲ್ಲಿ ಕಾಣಲಿಲ್ಲವಾಗಿ, ಸಂಶಯ ಜಲಜನಕದತ್ತ ತಿರುಗಿತು. ಆದ್ದರಿಂದ ಮೇಲ್ಮೈಯ ಸ್ಥಿತಿಯನ್ನು ಹೇಳದೆ ಸ್ತರಗಳ ಸಂಖ್ಯೆಯನ್ನಷ್ಟೇ ಕೊಡುವ ಮಾಪನಕ್ಕೆ ಬೆಲೆಯಿಲ್ಲ.

ಅಂಟಿದ ಪರಮಾಣುಗಳಿಂದ ಕಾಂತತೆ ಹೀಗೆ ಮಾರ್ಪಡುವುದಕ್ಕೆ ಕಾರಣ ಎಲೆಕ್ಟ್ರಾನುಗಳ ಬೆರಕೆಯಲ್ಲಿದೆ. ಜಲಜನಕದ ಎಲೆಕ್ಟ್ರಾನ್ ನಿಕಲಿನ ಡಿ-ಕಕ್ಷೆಗಳೊಡನೆ ಬಂಧವನ್ನೇರ್ಪಡಿಸಿದಾಗ, ಹೊರಸ್ತರದ ಪರಮಾಣುವಿನ ಕಾಂತಭ್ರಮಣಾಂಕ ಕುಗ್ಗುತ್ತದೆ. ಲೋಹತಲಗಳ ಮೇಲಿನ ಅಣುಗಳ ಇಂಥ ಬಂಧಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಎಲೆಕ್ಟ್ರಾನ್ ರೋಹಿತದರ್ಶನದಿಂದ ಪರಿಶೀಲಿಸಿದರು. ಆದರೆ ಅಧಿಶೋಷಣವೆಂದರೆ ಕಾಂತತೆಯ ನಾಶವೆಂದೇ ಭಾವಿಸಲಾಗದು: ಕಬ್ಬಿಣದ (001) ತಲದ ಮೇಲೆ ಕ್ರಮಬದ್ಧವಾಗಿ ಒಂದೇ ಪದರವಾಗಿ ನೆಲೆಸಿದ ಆಮ್ಲಜನಕ ಅದರ ಕಾಂತತೆಯನ್ನು ಅಳಿಸದೆ, ಮುಂದಿನ ಮಾಲಿನ್ಯದಿಂದಲೂ ಕಾಪಾಡುವುದರಿಂದ, ಅಂಥ ಮೇಲ್ಮೈಯನ್ನು ಎಲೆಕ್ಟ್ರಾನುಗಳ ಸ್ಪಿನ್ ಅಳೆಯುವ ಉಪಕರಣಗಳಲ್ಲಿ ಬಳಸುತ್ತಾರೆ.