ಕಳ್ಳಗಾಳಿಯ ಬೆನ್ನುಹತ್ತಿ: ಹಳೆ ಕಾರುಗಳ ಏರ್ ಲೀಕ್ ಹುಡುಕಾಟದ ನೂರು ವರ್ಷ

ಸಿಗ್ನಲ್‌ನಲ್ಲಿ ನಿಂತಾಗ ಗಡಗಡ ನಡುಗುತ್ತದೆ. ಹಸಿರು ದೀಪ ಹತ್ತಿ ನಾಲ್ಕನೇ ಗೇರಿಗೆ ಬಂದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಪ್ಲಗ್ ಬದಲಿಸಿದ್ದಾಯಿತು, ಪಾಯಿಂಟ್ ಸೆಟ್ ಮಾಡಿಸಿದ್ದಾಯಿತು, ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಸಿದ್ದೂ ಆಯಿತು. ಪದ್ಮಿನಿ, ಅಂಬಾಸಡರ್, ಹೆರಾಲ್ಡ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಗೋಳು. ಕೊನೆಗೆ ಯಾರೋ ಹಳೇ ಮೇಸ್ತ್ರಿ ಬಾನೆಟ್ ಎತ್ತಿ, ಅರ್ಧ ನಿಮಿಷ ಸುಮ್ಮನೆ ಕಿವಿಗೊಟ್ಟು ಹೇಳುತ್ತಾರೆ: ‘ಎಲ್ಲೋ ಏರ್ ಎಳೀತಾ ಇದೆ ಸಾರ್.’

ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಹೀರುತ್ತದೆ. ಥ್ರಾಟಲ್ ಮುಚ್ಚಿದ್ದರೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ, ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗಿನ ಒತ್ತಡ ಕುಸಿಯುತ್ತದೆ. ಈ ಅರೆ ನಿರ್ವಾತವನ್ನೇ ಗ್ಯಾರೇಜಿನಲ್ಲಿ ವ್ಯಾಕ್ಯೂಮ್ ಎನ್ನುವುದು. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿ ಬೇಕು. ಆ ಅಳತೆ ನೋಡಿಕೊಳ್ಳುವುದು ಕಾರ್ಬುರೇಟರ್. ಅದರ ಕಣ್ಣು ತಪ್ಪಿಸಿ, ಒಡೆದ ಪೈಪಿನಿಂದಲೋ ಸುಟ್ಟ ಪ್ಯಾಕಿಂಗ್‌ನಿಂದಲೋ ಒಳಗೆ ನುಸುಳುವುದು ಕಳ್ಳಗಾಳಿ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಗಾಳಿಯೇ ಕಡಿಮೆ, ಹಾಗಾಗಿ ಕಡ್ಡಿ ಗಾತ್ರದ ತೂತೂ ಅಲ್ಲಿ ದೊಡ್ಡ ಪಾಲು ಕಸಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ನಿಂತಾಗ ಕಾಡಿ ಓಡುವಾಗ ಮಾಯವಾದರೆ ಮೊದಲ ಅನುಮಾನ ಗಾಳಿಯ ಮೇಲಿರಲಿ. ಓಡುವಾಗಲೇ ಕೈಕೊಟ್ಟರೆ ಪೆಟ್ರೋಲ್ ಹಾದಿಯನ್ನು ನೋಡಿ.

ಮೊದಮೊದಲ ಕಾರುಗಳಲ್ಲಿ ಸೋರಲು ಜಾಗಗಳೇ ಕಡಿಮೆ ಇದ್ದವು: ಮ್ಯಾನಿಫೋಲ್ಡ್‌ನ ಕೂಡುಗಳು, ಕಾರ್ಬುರೇಟರಿನ ಬುಡ, ಥ್ರಾಟಲ್ ಸ್ಪಿಂಡಲ್. ಆದರೆ ಪುಕ್ಕಟೆ ಸಿಗುವ ಶಕ್ತಿಯನ್ನು ಯಾವ ಎಂಜಿನಿಯರ್ ತಾನೇ ಬಿಟ್ಟಾನು? 1910-20ರ ದಶಕಗಳ ಅಮೆರಿಕನ್ ಕಾರುಗಳಲ್ಲಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ತರಲು ಸ್ಟೀವರ್ಟ್ ವ್ಯಾಕ್ಯೂಮ್ ಟ್ಯಾಂಕ್ ಬಂತು. ವ್ಯಾಕ್ಯೂಮ್‌ನಿಂದ ಓಡುವ ವೈಪರ್ ಬಂತು. ಥ್ರಾಟಲ್ ತೆರೆದಾಗ ವ್ಯಾಕ್ಯೂಮ್ ಇಳಿಯುವುದರಿಂದ, ಘಾಟಿ ಹತ್ತುವಾಗ ಮಳೆ ಜೋರಾದರೆ ಸರಿಯಾಗಿ ಆಗಲೇ ಅದು ತೂಕಡಿಸುತ್ತಿತ್ತು! ಬೆಲ್ಜಿಯಂನ ಆಲ್ಬರ್ಟ್ ದೆವಾಂದ್ರ್ ರೂಪಿಸಿದ, ವ್ಯಾಕ್ಯೂಮ್‌ನಿಂದ ಬ್ರೇಕಿಗೆ ಬಲ ತುಂಬುವ ಬ್ರೇಕ್ ಸರ್ವೋವನ್ನು 1927ರಲ್ಲಿ ಬಾಷ್ ಮಾರುಕಟ್ಟೆಗೆ ತಂದಿತು. ಮುಂದೆ ಡಿಸ್ಟ್ರಿಬ್ಯೂಟರಿಗೂ ವ್ಯಾಕ್ಯೂಮ್ ಅಡ್ವಾನ್ಸ್ ಬಂತು. ಒಂದೊಂದು ಕೆಲಸ ಕೊಟ್ಟಾಗಲೂ ಒಂದೊಂದು ಪೈಪು, ಒಂದೊಂದು ಡಯಾಫ್ರಮ್. ಸೋರಿಕೆ ಹುಡುಕುವ ಉಪಕರಣಗಳು ಹೆಚ್ಚಾಗಿ ಹುಟ್ಟಿದ್ದು ಹೀಗೆ ವ್ಯಾಕ್ಯೂಮ್‌ಗೆ ಹೊರಿಸಿದ ದುಡಿಮೆಯ ಬೆನ್ನಿಗೇ.

ಮೊದಲ ಉಪಕರಣ ಕಿವಿ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದರೆ ಸುಂಯ್ ಎನ್ನುವ ಜಾಗ ಸಿಗುತ್ತದೆ. ಆಮೇಲೆ ಬಂದದ್ದು ವ್ಯಾಕ್ಯೂಮ್ ಗೇಜ್. ನನ್ನನ್ನು ಕೇಳಿದರೆ ಹಳೆ ಕಾರಿನವರು ಕೊಳ್ಳಬಹುದಾದ ಅತ್ಯುತ್ತಮ ಅಗ್ಗದ ಸಾಧನ ಇವತ್ತಿಗೂ ಅದೇ. ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 22 ಇಂಚು ತೋರಿಸಬೇಕು, ಮುಳ್ಳು ಅಲುಗಬಾರದು. ಮುಳ್ಳು ಸ್ಥಿರವಾಗಿದ್ದೂ ಬಹಳ ಕೆಳಗಿದ್ದರೆ ಏರ್ ಲೀಕ್, ಇಲ್ಲವೇ ಟೈಮಿಂಗ್ ಹಿಂದೆ ಬಿದ್ದಿದೆ. ಒಂದೇ ಲಯದಲ್ಲಿ ಜಿಗಿಯುತ್ತಿದ್ದರೆ ವಾಲ್ವ್ ತೊಂದರೆ. ಆದರೆ ಪುಸ್ತಕದ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಕಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ರೋಗವಲ್ಲ, ಊರಿನ ಎತ್ತರ.

1960ರ ದಶಕದಿಂದ ಹೊಗೆ ನಿಯಂತ್ರಣದ ಕಾನೂನುಗಳು ಬಂದವು, ಜೊತೆಗೆ ವ್ಯಾಕ್ಯೂಮ್ ಪೈಪಿಗೆ ಜೋಡಿಸಿದ ಪಿಸಿವಿ ವಾಲ್ವ್, ಇಜಿಆರ್ ಇತ್ಯಾದಿ ಸಾಧನಗಳು. 1970ರ ದಶಕದ ಅಮೆರಿಕನ್ ಕಾರುಗಳ ಬಾನೆಟ್ ಕೆಳಗೆ ಪೈಪುಗಳ ದಾರಿ ತೋರಿಸುವ ನಕ್ಷೆಯನ್ನೇ ಅಂಟಿಸಬೇಕಾಯಿತು. ಮರ್ಸಿಡಿಸ್ ಡಬ್ಲ್ಯೂ123 ಡೀಸೆಲ್ಲಿನಲ್ಲಂತೂ ಬಾಗಿಲಿನ ಲಾಕುಗಳಿಗೂ ಎಂಜಿನ್ ನಿಲ್ಲಿಸುವುದಕ್ಕೂ ವ್ಯಾಕ್ಯೂಮೇ ಗತಿ. ಡೀಸೆಲ್ ಎಂಜಿನ್ ತಾನಾಗಿ ಸಾಕಷ್ಟು ಹೀರುವುದಿಲ್ಲ, ಹಾಗಾಗಿ ಅದಕ್ಕೊಂದು ಪಂಪು ಬೇರೆ. ಎಲ್ಲೋ ಬಾಗಿಲೊಳಗಿನ ಡಯಾಫ್ರಮ್ ಹರಿದು, ಕೀ ತೆಗೆದರೂ ಎಂಜಿನ್ ನಿಲ್ಲದೆ ಮಾಲೀಕರು ಪೆಚ್ಚಾಗುವುದುಂಟು.

ಅಷ್ಟರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬಂದು ರೋಗದ ಲಕ್ಷಣವನ್ನೇ ಬದಲಿಸಿತು. ಬಾಷ್‌ನ ಡಿ-ಜೆಟ್ರಾನಿಕ್ (1967) ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲ್ ಕೊಡುತ್ತದೆ. ಸೋರಿದರೆ ಅದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಐಡ್ಲಿಂಗ್ ಏರುತ್ತದೆ. 1974ರ ಎಲ್-ಜೆಟ್ರಾನಿಕ್ ಒಳಬರುವ ಗಾಳಿಯನ್ನೇ ಅಳೆಯುತ್ತದೆ. ಅಳತೆಗೆ ಸಿಗದ ಗಾಳಿ ಸೇರಿದರೆ ಪೆಟ್ರೋಲ್ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ಅದರಲ್ಲಿ ಆಯಿಲ್ ಹಾಕುವ ಮುಚ್ಚಳ ಸಡಿಲವಾದರೂ ಸಾಕು. ತೂತು ಒಂದೇ ಆದರೂ ಎರಡು ಕಾರುಗಳಲ್ಲಿ ಎರಡು ರೋಗ.

ಗ್ಯಾರೇಜುಗಳಲ್ಲಿ ಹೆಚ್ಚು ಬಳಕೆಯಾದದ್ದು ಸ್ಪ್ರೇ ವಿಧಾನ. ಎಂಜಿನ್ ಓಡುತ್ತಿರುವಾಗ ಅನುಮಾನದ ಜಾಗಕ್ಕೆ ಕಾರ್ಬ್ ಕ್ಲೀನರ್ ಸಿಂಪಡಿಸಿ, ಸದ್ದು ಬದಲಾದರೆ ಕಳ್ಳ ಸಿಕ್ಕಿದ. ಉರಿಸದೆ ಬಿಟ್ಟ ಪ್ರೊಪೇನ್ ಗ್ಯಾಸಿನಿಂದಲೂ ಇದೇ ಪರೀಕ್ಷೆ ಮಾಡುತ್ತಾರೆ. ಎರಡೂ ಬಿಸಿ ಸೈಲೆನ್ಸರ್ ಪೈಪಿನ, ಕಿಡಿ ಹಾರುವ ವೈರಿನ ಪಕ್ಕದಲ್ಲೇ ನಡೆಯುತ್ತವೆ ಎಂಬುದನ್ನು ಮರೆತವರ ಬಾನೆಟ್ ಬಣ್ಣ ಕಪ್ಪಾಗಿದೆ. ನೀರನ್ನು ಸಣ್ಣಗೆ ಸಿಂಪಡಿಸಿದರೂ ಎಷ್ಟೋ ಸಲ ಸೋರಿಕೆ ತಿಳಿಯುತ್ತದೆ, ಅಲ್ಲಿಂದ ಶುರುಮಾಡಿ.

ಹೊಗೆ ಯಂತ್ರ 1990ರ ದಶಕದ್ದು. 1996ರಿಂದ ಅಮೆರಿಕದ ಕಾರುಗಳಿಗೆ ಕಡ್ಡಾಯವಾದ, ಕಾರೇ ತನ್ನ ದೋಷ ಹುಡುಕುವ ಓಬಿಡಿ-2 ವ್ಯವಸ್ಥೆ, ಪೆಟ್ರೋಲ್ ಆವಿಯ ವ್ಯವಸ್ಥೆಯಲ್ಲಿನ ಒಂದು ಮಿಲಿಮೀಟರ್ ತೂತನ್ನೂ ಪತ್ತೆ ಮಾಡಬೇಕಿತ್ತು. ಎಚ್ಚರಿಕೆಯ ದೀಪ ಹತ್ತಿತು ಸರಿ, ತೂತು ಎಲ್ಲಿ? ಖನಿಜ ತೈಲವನ್ನು ಕಾಯಿಸಿ, ಬಂದ ಹೊಗೆಯನ್ನು ಮೆಲ್ಲನೆಯ ಒತ್ತಡದಲ್ಲಿ ಒಳಗೆ ಬಿಟ್ಟು, ಹೊರಬರುವ ಜಾಗ ನೋಡುವ ಯಂತ್ರ ಇದಕ್ಕೆ ಉತ್ತರವಾಯಿತು. ಹೊಸ ಕಾರಿಗೆಂದು ಬಂದದ್ದು ಹಳೆ ಕಾರಿನವರಿಗೆ ವರವಾಯಿತು. ಹಾಗೆಂದು ಪೂರ್ತಿ ನಂಬಬೇಡಿ. ಎಂಜಿನ್ ನಿಲ್ಲಿಸಿ ಮಾಡುವ ಪರೀಕ್ಷೆ ಇದು. ಬಿಸಿಯಾದಾಗಷ್ಟೇ ಬಾಯ್ಬಿಡುವ ಬಿರುಕು ಇಲ್ಲಿ ತಪ್ಪಿಸಿಕೊಳ್ಳಬಹುದು. ಸ್ಪಿಂಡಲ್ ಪಕ್ಕ ಹೊಗೆಯ ಎಳೆಯೊಂದು ಕಂಡರೆ ಗಾಬರಿಯೂ ಬೇಡ, ತುಸು ಸಡಿಲ ಅಲ್ಲಿ ಸಹಜ.

ದುರಸ್ತಿಯ ವಿದ್ಯೆ ಮಾತ್ರ ಹೆಚ್ಚು ಬದಲಾಗಿಲ್ಲ. ಗಟ್ಟಿಯಾದ ಪೈಪುಗಳನ್ನು ಸರಿಯಾದ ಒಳಅಳತೆಯ ರಬ್ಬರ್ ಪೈಪಿನಿಂದ ಬದಲಿಸುವುದು, ಅಕ್ವೇರಿಯಂ ಪೈಪು ನಡೆಯದು. ಸವೆದ ಸ್ಪಿಂಡಲ್‌ಗೆ ಲೇತ್ ಅಂಗಡಿಯಲ್ಲಿ ಬುಶ್ ಹಾಕಿಸುವುದು. ಎರಡು ಬೋಲ್ಟಿನ ಕಾರ್ಬುರೇಟರ್ ಬುಡ ಅತಿಯಾಗಿ ಬಿಗಿದು ಬಾಗಿದ್ದರೆ ಗಾಜಿನ ಮೇಲೆ ಎಮೆರಿ ಕಾಗದ ಹರಡಿ ತಿಕ್ಕಿ ಮಟ್ಟ ಮಾಡುವುದು. ಬಾಗಿದ ಬುಡಕ್ಕೆ ಸಾಮಾನ್ಯ ಸಿಲಿಕಾನ್ ಬಳಿಯುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಪೆಟ್ರೋಲ್ ತಾಗಿ ಅದು ಉಬ್ಬುತ್ತದೆ, ಚೂರು ಕಿತ್ತು ಒಳಗೂ ಹೋಗುತ್ತದೆ.

ಈಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಇನ್ನೊಂದು ತೊಡಕು ತಂದಿದೆ. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಅಂದರೆ ಹಳೆಯ ಸೆಟ್ಟಿಂಗಿನಲ್ಲೇ ಓಡುವ ಕಾರ್ಬುರೇಟರ್ ಎಂಜಿನ್ನಿಗೆ ಸೋರಿಕೆ ಇಲ್ಲದೆಯೂ ಗಾಳಿ ಹೆಚ್ಚಾಯಿತು. ಜೊತೆಗೆ ಸಣ್ಣ ಸೋರಿಕೆ ಸೇರಿದರೆ, ಹಿಂದೆ ನಡೆದುಹೋಗುತ್ತಿದ್ದದ್ದು ಈಗ ನಡೆಯುವುದಿಲ್ಲ. ಹಳೆಯ ರಬ್ಬರ್ ಭಾಗಗಳೂ ಎಥೆನಾಲನ್ನು ಗಮನದಲ್ಲಿಟ್ಟು ಮಾಡಿದವಲ್ಲ.

ಇಷ್ಟೆಲ್ಲ ಓದಿಯೂ ಒಂದೇ ಪೈಪು ಬದಲಿಸುವುದಾದರೆ ಬ್ರೇಕ್ ಸರ್ವೋಗೆ ಹೋಗುವುದನ್ನು ಬದಲಿಸಿ. ಎಂಜಿನ್ ನಿಲ್ಲಿಸಿ ಬ್ರೇಕನ್ನು ನಾಲ್ಕೈದು ಬಾರಿ ಒತ್ತಿ, ಪೆಡಲ್ ಮೇಲೆ ಕಾಲಿಟ್ಟೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಅವತ್ತು ಕಾರು ಮನೆಯಲ್ಲೇ ಇರಲಿ.