ಬರಹದಲ್ಲಿ ಇಲ್ಲದ ಬಿಸಿಲು

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಹಳದಿಗಟ್ಟಿದ ಒಂದು ಪತ್ರಿಕೆಯ ಹಾಳೆ ಇದೆ. 1988ರ ದಸರೆಯ ಹೊತ್ತಿಗೆ ವಾರಪತ್ರಿಕೆಯೊಂದರಲ್ಲಿ ಬಂದ ನನ್ನ ಲೇಖನ ಅದು. ತಲೆಬರಹ ‘ಹಂಪೆಗೆ ಬನ್ನಿ’. ಆಗ ನಾನು ಹೊಸಪೇಟೆಯಲ್ಲಿ ಇತಿಹಾಸದ ಮೇಷ್ಟ್ರು. ಓದಿದವರು ಕೂತಲ್ಲಿಂದ ಎದ್ದು ಬಸ್ಸು ಹತ್ತಬೇಕು, ಹಾಗೆ ಬರೆಯಿರಿ ಎಂದು ಸಂಪಾದಕರು ಕಾರ್ಡು ಹಾಕಿದ್ದರು. ನಾನೂ ಹಾಗೆಯೇ ಬರೆದೆ. ಮೂವತ್ತು ವರ್ಷಗಳ ಮೇಲೆಯೂ ಆ ಹಾಳೆಯನ್ನು ಇಟ್ಟುಕೊಂಡಿರುವುದು ಹೆಮ್ಮೆಯಿಂದಲ್ಲ. ಅದರಲ್ಲಿ ನಾನು ಬಿಟ್ಟದ್ದೇನು ಎಂಬುದು ಮರೆತುಹೋಗಬಾರದೆಂದು.

ಮೊದಲು ನನ್ನ ಸೋಮಾರಿತನವನ್ನು ಒಪ್ಪಿಕೊಂಡುಬಿಡುತ್ತೇನೆ. ಲೇಖನ ಬರೆಯಲು ಕೂತಾಗ 13 ಕಿಲೋಮೀಟರ್ ದೂರದ ಹಂಪೆಗೆ ಹೋಗುವ ಬದಲು ನಾನು ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫಾರ್ಗಾಟನ್ ಎಂಪೈರ್’ ಇತ್ತು. ವಿಜಯನಗರವನ್ನು ಕಣ್ಣಾರೆ ಕಂಡ ಇಬ್ಬರು ಪೋರ್ಚುಗೀಸರ ಬರಹಗಳ ಇಂಗ್ಲಿಷ್ ಅನುವಾದ ಆ ಪುಸ್ತಕದಲ್ಲಿದೆ. ಒಬ್ಬ ಡೊಮಿಂಗೋ ಪಾಯೆಸ್, 1520ರ ಸುಮಾರಿಗೆ ಬಂದವನು. ಇನ್ನೊಬ್ಬ ಫರ್ನಾವೋ ನ್ಯೂನಿಜ್, 1535ರ ಸುಮಾರಿನ ಕುದುರೆ ವ್ಯಾಪಾರಿ. ಪಾಯೆಸನಿಂದ ಬೀದಿಯಲ್ಲಿ ಮಾರುತ್ತಿದ್ದ ಮುತ್ತುರತ್ನಗಳನ್ನು ತೆಗೆದುಕೊಂಡೆ. ಅವನಿಗಿಂತ ಮುಕ್ಕಾಲು ಶತಮಾನ ಮೊದಲು, 1443ರಲ್ಲಿ, ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನಿಂದ ಏಳು ಸುತ್ತಿನ ಕೋಟೆಯನ್ನೂ ಗುಲಾಬಿ ಹೂವಿನ ಅಂಗಡಿಗಳನ್ನೂ ತೆಗೆದುಕೊಂಡೆ. ಶ್ರಾವಣದಲ್ಲಿ ಒಮ್ಮೆ ಕಂಡಿದ್ದ ತುಂಬಿದ ತುಂಗಭದ್ರೆಯನ್ನು ಪಕ್ಕದಲ್ಲಿ ಹರಿಸಿದೆ. ವಿಠ್ಠಲ ದೇವಾಲಯದ ಕಂಬಗಳನ್ನು ಬೆರಳಿನಿಂದ ಬಾರಿಸಿದರೆ ಸ್ವರ ಹೊರಡುತ್ತದೆ, ನೀವೂ ಬಾರಿಸಿ ನೋಡಿ ಎಂದು ಧಾರಾಳವಾಗಿ ಆಹ್ವಾನವನ್ನೂ ಕೊಟ್ಟೆ. ಲೇಖನ ಸೊಗಸಾಗಿತ್ತು ಎಂದು ಎಲ್ಲರೂ ಹೇಳಿದರು.

1989ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಹೆಂಡತಿಯೊಂದಿಗೆ ನಮ್ಮ ಮನೆ ಬಾಗಿಲಿಗೆ ಬಂದರು. ಅವರ ಅಂಗಿಯ ಜೇಬಿನಲ್ಲಿ ನನ್ನ ಲೇಖನ ನಾಲ್ಕು ಮಡಿಕೆಯಾಗಿ ಕೂತಿತ್ತು. “ನಿಮ್ಮನ್ನು ಓದಿಯೇ ಹೊರಟು ಬಂದೆವು ಮೇಷ್ಟ್ರೇ” ಎಂದರು. ಬರೆಯುವವನಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಬೇಕೆ? ಕಾಲೇಜಿಗೆ ರಜೆ ಇತ್ತು. ನಾನೇ ತೋರಿಸುತ್ತೇನೆ ಬನ್ನಿ ಎಂದು ಹೊರಟೆ. ತಿಂಡಿ, ಕಾಫಿ, ಮಾತು ಎಲ್ಲ ಮುಗಿದು ಹಂಪೆಯಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ.

ವಿರೂಪಾಕ್ಷನ ಗುಡಿಯೊಳಗೆ ತಂಪಾಗಿತ್ತು. ಗೋಡೆಯ ಕಿಂಡಿಯಿಂದ ಬಂದು ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ನೋಡಿ ಇಬ್ಬರೂ ಮಕ್ಕಳಂತೆ ಖುಷಿಪಟ್ಟರು. ಅಲ್ಲಿಂದ ಬಜಾರಿನ ಬೀದಿ ದಾಟಿ, ಹೊಳೆಯ ದಂಡೆ ಹಿಡಿದು ವಿಠ್ಠಲ ದೇವಾಲಯದ ಕಡೆ ನಡೆದೆವು. ಎರಡು ಕಿಲೋಮೀಟರಿನ ದಾರಿ. ಬಳ್ಳಾರಿ ಸೀಮೆಯ ಏಪ್ರಿಲ್ ಏನೆಂದು ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ಬಂಡೆಗಳಿಂದಲೂ ಬರುತ್ತದೆ. ಎದುರಿಗೆ ಒಂದು, ಬೆನ್ನಿಗೆ ಒಂದು, ಕಾಲಡಿಗೆ ಒಂದು ಕಾದ ಹಂಚು ಇಟ್ಟಂತೆ. ಹೊಳೆ ಬತ್ತಿ ಬಂಡೆಗಳ ನಡುವೆ ಅಲ್ಲಲ್ಲಿ ಮಡುವಾಗಿ ನಿಂತಿತ್ತು. “ನದಿ ಎಲ್ಲಿ?” ಎಂದು ಆಕೆ ಕೇಳಿದರು. ನಾನು ಕೈ ತೋರಿಸಿದೆ. ಅವರು ಆ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ ಸುಮ್ಮನಾದರು.

ಕಲ್ಲಿನ ರಥದ ಮುಂದೆ ನಿಂತು ನಾನು ಪಾಠ ಶುರುಮಾಡಿದೆ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಆಮೇಲೆ ಅದು ಉಳಿಯಲಿಲ್ಲ ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಪೋಸ್ಟ್ ಮಾಸ್ತರರು ಮಂಟಪ ಹತ್ತಿ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಕಂಬಕ್ಕೆ ಟಣ್ ಟಣ್ ಎಂದು ಬಡಿಯತೊಡಗಿದ್ದರು. ಕಾವಲುಗಾರ ಓಡಿಬಂದು ಗದರಿದ. “ಇವರೇ ಬರೆದಿದ್ದಾರಲ್ಲಪ್ಪ” ಎಂದು ಅವರು ನನ್ನನ್ನು ತೋರಿಸಿದರು. ನಾನು ರಥದ ಚಕ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ವಾಪಸ್ಸು ಬರುವಾಗ ಆಕೆಯ ನಡಿಗೆ ತಗ್ಗುತ್ತ ಬಂತು. ಬಜಾರಿನ ಬೀದಿಗೆ ಕಾಲಿಟ್ಟೊಡನೆ ಒಂದು ಕಂಬ ಹಿಡಿದು ಹಾಗೆಯೇ ಕುಸಿದರು. ನನಗೂ ಪೋಸ್ಟ್ ಮಾಸ್ತರರಿಗೂ ಕೈಕಾಲು ಆಡಲಿಲ್ಲ. ಆಗ ಆ ಕಂಬಸಾಲಿನ ಮಂಟಪದೊಳಗಿಂದ ಒಬ್ಬ ಹೆಂಗಸು ಹೊರಬಂದಳು. ಅವಳದು ವಗ್ಗರಣಿ ಮಿರ್ಚಿಯ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ.

“ಅಯ್ಯ ಶಿವನ! ಇಂಥಾ ಬಿಸಲಾಗ ಯಾರರ ಅಡ್ಡಾಡ್ತಾರೇನ್ರಿ? ಒಳಗ ಬರ್ರಿ ಅಕ್ಕಾರ, ಮೈ ಚೆಲ್ರಿ ಇಲ್ಲೆ” ಎನ್ನುತ್ತ ಆಕೆಯನ್ನು ತಾನೇ ಎತ್ತಿಕೊಂಡು ಒಳಗೆ ಕರೆದೊಯ್ದಳು. ಮುಖಕ್ಕೆ ನೀರು ತಟ್ಟಿದಳು, ಒದ್ದೆ ಬಟ್ಟೆ ನೆತ್ತಿಗೆ ಹಾಕಿದಳು, ಉಪ್ಪು ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ನಮ್ಮಿಬ್ಬರ ಕಡೆ ತಿರುಗಿ, “ಕಲಿತವರು ಅಂತೀರಿ, ಹೆಣ್ಮಕ್ಕಳ ಮಾರಿ ನೋಡಬಾರದೇನ್ರಿ?” ಎಂದಳು. ಅರ್ಧ ಗಂಟೆಯ ಮೇಲೆ ಆಕೆ ಎದ್ದು ಕೂತರು. ಪೋಸ್ಟ್ ಮಾಸ್ತರರು ದುಡ್ಡು ಕೊಡಲು ಹೋದರೆ, “ನೀರಿಗೆ ರೊಕ್ಕ ತಗೊಂಡ್ರ ವಿರೂಪಾಕ್ಷ ಏನಂದಾನು” ಎಂದು ಕೈ ಸರಿಸಿದಳು.

ಹೊರಡುವಾಗ ಆಕೆ ನನ್ನನ್ನು ನೋಡಿ ಮೆಲ್ಲಗೆ ಹೇಳಿದರು: “ನೀವು ಬರೆದದ್ದನ್ನು ಇವರು ಮನೆಯಲ್ಲಿ ಗಟ್ಟಿಯಾಗಿ ಓದಿದರು ಮೇಷ್ಟ್ರೇ. ನಾನು ಪೂರ್ತಿ ಕೇಳಿದೆ. ಅದರಲ್ಲಿ ಬಿಸಿಲಿರಲಿಲ್ಲ.”

ಕೋಪದ ಮಾತಲ್ಲ. ಮಲೆನಾಡಿನ ಹೆಂಗಸು, ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಹೇಳಿದರು, ಅಷ್ಟೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೆಯ ದಿನ ಸೆವೆಲ್ಲನ ಪುಸ್ತಕವನ್ನು ಮತ್ತೆ ತಂದೆ. ನಾನು ಯಾರಿಂದ ಸಾಲ ತಂದಿದ್ದೆನೋ ಅವರೂ ಹೀಗೆಯೇ ಬಿಟ್ಟು ಬರೆದಿದ್ದರೇ ಎಂದು ನೋಡಬೇಕಿತ್ತು. ನೋಡಿದಷ್ಟೂ ನಾಚಿಕೆಯಾಯಿತು. ಪಾಯೆಸ್ ಕೃಷ್ಣದೇವರಾಯನನ್ನು ಹೊಗಳುತ್ತಾನೆ, ನಿಜ. ಆದರೆ ಮೈಬಣ್ಣ, ಎತ್ತರಗಳನ್ನು ಹೇಳುವಾಗಲೇ ರಾಜನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವೆಂದೂ ಹೇಳುತ್ತಾನೆ. ನಮ್ಮ ಸಿನಿಮಾದ ಕೃಷ್ಣದೇವರಾಯನ ಮುಖದಲ್ಲಿ ಆ ಕಲೆ ಎಲ್ಲಿದೆ? ನನಗೆ ಮಾತ್ರ ಆ ಕಲೆಯಿಂದಲೇ ಅವನು ಉಸಿರಾಡುವ ಮನುಷ್ಯನಾಗಿ ಕಾಣುತ್ತಾನೆ. ಊರು ರೋಮಿನಷ್ಟು ದೊಡ್ಡದೆಂದು ಪಾಯೆಸ್ ಬರೆಯುತ್ತಾನೆ. ಜೊತೆಗೇ, ಗುಡ್ಡ ಹತ್ತಿ ನೋಡಿದರೂ ನಡುವೆ ಬೆಟ್ಟಗಳು ಅಡ್ಡವಿದ್ದುದರಿಂದ ಪೂರ್ತಿ ಕಾಣಲಿಲ್ಲ ಎಂದೂ ಬರೆಯುತ್ತಾನೆ. ಅರಮನೆಯಲ್ಲಿ ಎಲ್ಲಿಯವರೆಗೆ ಬಿಟ್ಟರು, ಎಲ್ಲಿಂದಾಚೆಗೆ ಬಿಡಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ರಾಜ ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ 15-20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆನ್ನುವವನೇ, ಆ ಕೆರೆಯ ಏರಿ ನಿಲ್ಲಲೆಂದು ಮನುಷ್ಯರ ತಲೆ ಕಡಿಸಿದ್ದನ್ನೂ ದಾಖಲಿಸುತ್ತಾನೆ.

ಅಬ್ದುಲ್ ರಜಾಕನ ಕಥೆ ಇನ್ನೂ ಚೆನ್ನ. ಹೆರಾತಿನ ದೊರೆ ಶಾರುಖ್ ಅವನನ್ನು ರಾಯಭಾರಿಯಾಗಿ ಕಳಿಸಿದ್ದು. ಹೊರಟದ್ದು 1442ರಲ್ಲಿ. ಸಮುದ್ರವೆಂದರೆ ಅವನಿಗೆ ಜೀವಭಯ. ಹೊರ್ಮುಜಿನಲ್ಲಿ ಹಡಗಿನ ವಾಸನೆ ಬಡಿದೊಡನೆ ಮೂರ್ಛೆ ಹೋಗಿ ಮೂರು ದಿನ ಉಸಿರೊಂದೇ ಆಡುತ್ತಿತ್ತಂತೆ. ಕಲ್ಲಿಕೋಟೆಯಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಇದನ್ನೆಲ್ಲ ತನ್ನ ಕೈಯಿಂದಲೇ ಬರೆದಿಟ್ಟಿದ್ದಾನೆ. ಇಷ್ಟು ಗೊಣಗಿದ ಮನುಷ್ಯ ವಿಜಯನಗರಕ್ಕೆ ಬಂದು ಇಂಥ ಊರನ್ನು ಕಂಡಿಲ್ಲ ಎಂದಾಗ ನಾವು ನಂಬುತ್ತೇವೆ. ಎಲ್ಲ ಊರನ್ನೂ ಹೊಗಳುವವನ ಹೊಗಳಿಕೆಗೆ ಬೆಲೆಯೇನು?

ಓದುಗನನ್ನು ದಾರಿಗೆ ಹಚ್ಚುವ ಬರಹದ ಗುಟ್ಟು ಇಷ್ಟೇ ಇರಬೇಕು ಎಂದು ಅಂದು ನನಗೆ ಹೊಳೆಯಿತು. ಸಿಡುಬಿನ ಕಲೆ ಹೇಳಿದವನ ಮಾತಿನಲ್ಲಿ ರತ್ನಗಳೂ ನಿಜವಾಗುತ್ತವೆ. ನಾನು ರತ್ನಗಳನ್ನು ಎತ್ತಿಕೊಂಡು ಕಲೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಇಂಥ ಬರಹಕ್ಕೆ ಆಯುಸ್ಸೂ ದೊಡ್ಡದು. ಪಾಯೆಸ್ ನೋಡಿದ ನಗರ 1565ರ ಯುದ್ಧದ ಬಳಿಕ ಹಾಳಾಯಿತು. ಅವನ ಬರಹ ಹಸ್ತಪ್ರತಿಯಾಗಿ ಪ್ಯಾರಿಸ್ಸಿನಲ್ಲಿ ಉಳಿದು, 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸರಿಂದ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಮೂರೇ ವರ್ಷಗಳಲ್ಲಿ ಸೆವೆಲ್ ಅದನ್ನು ಇಂಗ್ಲಿಷಿಗೆ ತಂದರು. ಊರು ಹಾಳಾಗಿ ಮುನ್ನೂರು ವರ್ಷ ಕಳೆದ ಮೇಲೆ ಆ ಊರಿಗೆ ಜನರನ್ನು ಕರೆತಂದ ಬರಹ ಅದು. ಇತ್ತ ಆಲೂರು ವೆಂಕಟರಾಯರು 1905ರಲ್ಲಿ ಹಂಪೆಯ ಹಾಳನ್ನು ಕಂಡು ಬಂದರು. ಅವರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. 1936ರಲ್ಲಿ ಸಾಮ್ರಾಜ್ಯದ ಆರುನೂರನೆಯ ವರ್ಷದ ನೆನಪಿನ ಸಂಪುಟ ಧಾರವಾಡದಿಂದ ಹೊರಟಿತು. ಹಂಪೆಗೆ ಹೋಗಿಬರುವುದು ಕನ್ನಡಿಗರಿಗೆ ಒಂದು ಬಗೆಯ ಯಾತ್ರೆಯಾದದ್ದು ಹೀಗೆ, ಕಂಡವರು ಬರೆದು, ಓದಿದವರು ಕಂಡು.

ಆ ವರ್ಷದ ದೀಪಾವಳಿ ಕಳೆದ ಮೇಲೆ ತೀರ್ಥಹಳ್ಳಿಯಿಂದ ಒಂದು ಕಾರ್ಡು ಬಂತು. “ನಮ್ಮ ಮನೆಯವಳು ಮತ್ತೊಮ್ಮೆ ಹಂಪೆಗೆ ಹೋಗೋಣ ಎನ್ನುತ್ತಿದ್ದಾಳೆ. ಬಿಸಿಲು ಯಾವಾಗ ಕಡಿಮೆ, ದಯವಿಟ್ಟು ನಿಜ ತಿಳಿಸಿ.” ಆ ‘ನಿಜ’ ಎಂಬ ಶಬ್ದದ ಕೆಳಗೆ ಗೆರೆ ಇರಲಿಲ್ಲ. ನನಗೆ ಮಾತ್ರ ಇದ್ದಂತೆ ಕಂಡಿತು. ಪುಷ್ಯದಲ್ಲಿ ಬನ್ನಿ ಎಂದು ಬರೆದೆ. 1990ರ ಜನವರಿಯಲ್ಲಿ ಬಂದರು. ಆಕೆ ಬಸ್ಸಿಳಿದವರೇ ಗುಡಿಗೂ ಹೋಗಲಿಲ್ಲ, ರಥದ ಕಡೆಗೂ ಹೊರಡಲಿಲ್ಲ. ನೇರವಾಗಿ ಮಿರ್ಚಿ ಅಂಗಡಿಗೆ ನಡೆದರು. ಚೀಲದಿಂದ ಹಪ್ಪಳದ ಕಟ್ಟು, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ತೆಗೆದರು. ಅವಳು ಉಪ್ಪಿನಕಾಯಿ ಮೂಸಿ ನೋಡಿ, “ಘಮ್ಮಂತೈತ್ರಿ” ಎಂದು ಬಿಸಿ ಮಿರ್ಚಿ ಕರಿದು ಹಾಕಿದಳು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ನಾವು ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತೆವು. ಆಕೆಯನ್ನು ಹಂಪೆಗೆ ಎರಡನೆಯ ಸಲ ಕರೆತಂದದ್ದು ನನ್ನ ಲೇಖನವಲ್ಲ, ಒಂದು ಲೋಟ ಮಜ್ಜಿಗೆ.

ಮನೆಗೆ ಬಂದು ಹಳೆಯ ಲೇಖನವನ್ನು ತೆಗೆದು ನೋಡಿದೆ. ಬಜಾರಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೆ. ರತ್ನದ ವ್ಯಾಪಾರಿಗಳಿದ್ದರು, ಕುದುರೆಗಳಿದ್ದವು, ರಾಣಿಯರ ಪಲ್ಲಕ್ಕಿಗಳಿದ್ದವು. ಆ ಮಂಟಪಗಳಲ್ಲಿ ಈಗ ವಾಸವಾಗಿದ್ದ ಒಬ್ಬನೇ ಒಬ್ಬ ಮನುಷ್ಯನಿರಲಿಲ್ಲ. ಮರೆತು ಬಿಟ್ಟದ್ದಲ್ಲ ಅದು. ತಗಡಿನ ಛಾವಣಿ, ಒಣಹಾಕಿದ ಸೀರೆ, ಎಣ್ಣೆಯ ಬಾಣಲೆ ಇವೆಲ್ಲ ನನ್ನ ಚಿತ್ರಕ್ಕೆ ಒಪ್ಪುವುದಿಲ್ಲವೆಂದು ಬೇಕೆಂದೇ ಅಳಿಸಿದ್ದೆ.

ಹಂಪೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಆನೆಗೊಂದಿಯ ಸೇತುವೆಯ ಕಾರಣದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂತು. 2011ರ ಜುಲೈನಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು ಯಂತ್ರಗಳು ಬಂದು ಕೆಡವಿದವು. ನೂರಾರು ಕುಟುಂಬಗಳು ಎದ್ದುಹೋದವು. ಬದಲಿ ಜಾಗವೆಂದು ಕಡ್ಡಿರಾಂಪುರದ ಕಡೆ ತೋರಿಸಲಾಯಿತು. ಇತಿಹಾಸದ ಮೇಷ್ಟ್ರಾಗಿ ನಾನು ಒಂದು ಮಾತು ಒಪ್ಪಲೇಬೇಕು: ಹಳೆಯ ಕಂಬಗಳಿಗೆ ಗೋಡೆ ಕಟ್ಟಿ, ಮೊಳೆ ಹೊಡೆದು, ಹೊಗೆ ಹಿಡಿಸಿದ್ದು ಸುಳ್ಳಲ್ಲ. ಕಂಬಗಳನ್ನು ಕಾಯಬೇಕಾದದ್ದೂ ನಿಜ. ಆದರೆ ಪಾಯೆಸ್ ನೋಡಿ ಬೆರಗಾದದ್ದು ಖಾಲಿ ಕಂಬಸಾಲನ್ನಲ್ಲ. ಜನ ಕಿಕ್ಕಿರಿದ ಬೀದಿಯನ್ನು, ಸಂಜೆ ಸಂತೆಯನ್ನು, ಒಂದು ನಾಣ್ಯಕ್ಕೆ ಎಷ್ಟು ಹಕ್ಕಿ ಕೊಡುತ್ತಾರೆಂಬುದನ್ನು.

ಸುದ್ದಿ ತಿಳಿದು ನಾನು ಹೋದಾಗ ಬೀದಿ ಬಿಕೋ ಎನ್ನುತ್ತಿತ್ತು. ಅವಳ ಮಂಟಪವನ್ನು ಗುರುತಿಸಿದ್ದು ಕಂಬದ ಮೇಲಿನ ಎಣ್ಣೆಯ ಜಿಡ್ಡಿನಿಂದ. ಯಾರನ್ನಾದರೂ ವಿಚಾರಿಸೋಣವೆಂದರೆ ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವಳ ಕೈಯ ಮಿರ್ಚಿ ತಿಂದು, ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದವರು ತೀರ್ಥಹಳ್ಳಿಯ ಆಕೆ. ಅವರು ಆ ಹೊತ್ತಿಗೆ ತೀರಿಕೊಂಡಿದ್ದರು.

ಕಲ್ಲಿನ ರಥ 2017ರಿಂದ ಐವತ್ತು ರೂಪಾಯಿಯ ನೋಟಿನ ಮೇಲಿದೆ. ವಿಠ್ಠಲ ದೇವಾಲಯದ ಕಂಬಗಳನ್ನು ಮುಟ್ಟುವಂತಿಲ್ಲ, ಒಳ್ಳೆಯದೇ ಆಯಿತು. ಹಂಪೆಯ ಬಗ್ಗೆ ಬರೆದುಕೊಡಿ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ನಾನು ಬರೆಯುತ್ತೇನೆ. ಮೊದಲ ಸಾಲಿನಲ್ಲೇ ಬಿಸಿಲು ಇರುತ್ತದೆ. ಕಾರ್ತಿಕದಿಂದ ಮಾಘದೊಳಗೆ ಬನ್ನಿ, ಬೆಳಿಗ್ಗೆ ಒಂಬತ್ತರೊಳಗೆ ನಡೆದು ಮುಗಿಸಿ, ಜೊತೆಯಲ್ಲಿ ಬಂದವರ ಮುಖವನ್ನು ಆಗಾಗ ನೋಡುತ್ತಿರಿ ಎಂದು ಬರೆಯುತ್ತೇನೆ. ಕಡೆಯಲ್ಲಿ ಇನ್ನೊಂದು ಮಾತು ಸೇರಿಸುತ್ತೇನೆ. ಸಂಪಾದಕರು ಅದನ್ನು ಸಾಮಾನ್ಯವಾಗಿ ತೆಗೆದುಹಾಕುತ್ತಾರೆ. ಈ ಪುಸ್ತಕದಲ್ಲಿ ತೆಗೆಯುವವರಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ: ಹಂಪೆಯಲ್ಲಿ ಯಾರಾದರೂ ನೀರು ಕೊಟ್ಟರೆ, ಕುಡಿಯುವ ಮೊದಲು ಅವರ ಹೆಸರು ಕೇಳಿ.