ವಾಕ್ಚಿತ್ರದ ಆರಂಭ ಮತ್ತು ಹಾಲಿವುಡ್ಡಿನ ಭಾಷಾಸಂಕಟ

ಅಮೆರಿಕದ ಚಲಚ್ಚಿತ್ರ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಟರ ಕೀರ್ತಿಯನ್ನೂ ಯಂತ್ರಗಳ ಪ್ರಗತಿಯನ್ನೂ ವರ್ಣಿಸಿದ್ದಾರೆ. ಎರಡು ಭಾಷೆಗಳ ನಡುವೆ ನಿಂತು ಪಾಠ ಹೇಳುವ ನಮಗಾದರೋ 1927ರಿಂದ 1931ರವರೆಗಿನ ಕಾಲವೇ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ. ಭಾಷೆಯ ಗಡಿ ಸಿನಿಮಾಕ್ಕೆ ಅಡ್ಡಬಂದುದು ಆಗಲೇ.

ಮೂಕಚಿತ್ರಕ್ಕೆ ಆ ತೊಡಕಿರಲಿಲ್ಲ. ಮಾತನ್ನು ತಿಳಿಸಲು ನಡುನಡುವೆ ಅಕ್ಷರಫಲಕಗಳು ಬರುತ್ತಿದ್ದುವು; ಪರದೇಶಕ್ಕೆ ಕಳುಹುವಾಗ ಅವನ್ನು ತೆಗೆದು ಆಯಾ ಭಾಷೆಯವನ್ನು ಸೇರಿಸಿದರೆ ತೀರಿತು. ಐದು ಸೆಂಟು ಕೊಟ್ಟು 'ನಿಕಲೋಡಿಯನ್' ಎಂಬ ಪುಟ್ಟ ಚಿತ್ರಮಂದಿರಗಳಲ್ಲಿ ಕುಳಿತ ವಲಸೆಗಾರರು ಇಂಗ್ಲಿಷ್ ಬಾರದಿದ್ದರೂ ಕಥೆಯನ್ನು ಹಿಂಬಾಲಿಸುತ್ತಿದ್ದರು. ಜಪಾನಿನಲ್ಲಿ 'ಬೆನ್ಶಿ' ಎಂಬ ನಿರೂಪಕನು ತೆರೆಯ ಪಕ್ಕದಲ್ಲಿದ್ದು ಮಾತು ಕಟ್ಟಿ ಹೇಳುತ್ತಿದ್ದನು. ತಾಳಮದ್ದಳೆಯ ಅರ್ಥಧಾರಿಗಳನ್ನು ಬಲ್ಲ ಕಾಸರಗೋಡಿನ ಮಿತ್ರರಿಗೆ ಇದು ತೀರ ಹೊಸತೆನಿಸದು.

1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಸಹೋದರರ 'ದಿ ಜಾಝ್ ಸಿಂಗರ್' ತೆರೆಕಂಡಿತು. ಅದು ಪೂರ್ಣ ವಾಕ್ಚಿತ್ರವೆಂಬ ಭಾವನೆ ಸರಿಯಲ್ಲ. ಬಹುಭಾಗ ಮೂಕವೇ; ಕೆಲವು ಹಾಡುಗಳು, ಸುಮಾರು ಎರಡು ನಿಮಿಷದ ಮಾತು, ಅಷ್ಟೇ. ಯೆಹೂದ್ಯ ಪ್ರಾರ್ಥನಾಮಂದಿರದ ಗಾಯಕನ ಮಗನೊಬ್ಬನು ತಂದೆಯ ಹಾಡನ್ನು ಬಿಟ್ಟು ರಂಗದ ಹಾಡನ್ನು ಹಿಡಿಯುವುದು ಅದರ ಕಥೆ. ನಾಯಕ ಆಲ್ ಜಾಲ್ಸನ್ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರ ಅಣಕುವೇಷದಲ್ಲಿ ಹಾಡುತ್ತಾನೆ. ವಲಸೆ ಬಂದವನು ಅಮೆರಿಕನ್ನನಾಗಲು ಇನ್ನೊಂದು ಜನದ ಅವಮಾನ ಬೇಕಾಯಿತೆಂಬುದನ್ನು ಮರೆತು ಈ ಚಿತ್ರವನ್ನು ಹೊಗಳುವುದು ನಮಗೆ ಒಪ್ಪಿತವಲ್ಲ.

ಮಾತು ಬಂದೊಡನೆ ಪರದೇಶದ ಮಾರುಕಟ್ಟೆ ಕೈಬಿಡುವ ಭಯವೂ ಬಂದಿತು. ಡಬ್ಬಿಂಗ್ ವಿದ್ಯೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಆದುದರಿಂದ ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ಮರಳಿ ಮರಳಿ ಚಿತ್ರಿಸತೊಡಗಿದರು. ಪ್ಯಾರಮೌಂಟ್ ಕಂಪೆನಿ 1930ರಲ್ಲಿ ಪ್ಯಾರಿಸ್ಸಿನ ಹತ್ತಿರದ ಜುವಾನ್‌ವಿಲ್ಲಿನಲ್ಲಿ ಇದಕ್ಕಾಗಿಯೇ ಕೆಲಸ ನಡೆಸಿತು. ಲಾರೆಲ್ ಮತ್ತು ಹಾರ್ಡಿ ತಮಗೆ ತಿಳಿಯದ ಸ್ಪ್ಯಾನಿಷನ್ನು ಕರಿಹಲಗೆಯ ಮೇಲೆ ಉಚ್ಚಾರಣೆಯಂತೆ ಬರೆಸಿಕೊಂಡು ಓದಿ ಒಪ್ಪಿಸಿದರು. (ನಮ್ಮ ಶಾಲೆಗಳಲ್ಲಿ ಪರಭಾಷೆಯ ಪದ್ಯ ಒಪ್ಪಿಸುವ ಮಕ್ಕಳ ನೆನಪಾಗುತ್ತದೆ!) 1931ರ 'ಡ್ರಾಕುಲಾ' ಇನ್ನೂ ಸ್ವಾರಸ್ಯದ್ದು. ಹಗಲು ಇಂಗ್ಲಿಷ್ ಚಿತ್ರ, ರಾತ್ರಿ ಅದೇ ರಂಗಸಜ್ಜಿನಲ್ಲಿ ಸ್ಪ್ಯಾನಿಷ್ ಚಿತ್ರ. ರಾತ್ರಿಯ ನಿರ್ದೇಶಕ ಜಾರ್ಜ್ ಮೆಲ್ಫರ್ಡನಿಗೆ ಸ್ಪ್ಯಾನಿಷ್ ಬಾರದು. ನಾಯಕ ಸ್ಪೇನಿನವನು, ನಾಯಿಕೆ ಲುಪಿತಾ ತೊವಾರ್ ಮೆಕ್ಸಿಕೋದವಳು, ಬ್ಯಾರಿ ನಾರ್ಟನ್ ಅರ್ಜೆಂಟೀನದವನು. ಇಂಥ ಚಿತ್ರಗಳಲ್ಲಿ ಒಂದೇ ಮನೆಯವರು ಮೂರು ಬಗೆಯ ಉಚ್ಚಾರಣೆಯಲ್ಲಿ ಮಾತನಾಡುವುದನ್ನು ಕೇಳಿ ಪ್ರೇಕ್ಷಕರು ಆಕ್ಷೇಪಿಸಿದರು. ಯಾವ ಸ್ಪ್ಯಾನಿಷ್ ಶುದ್ಧವೆಂಬ ವಾಗ್ವಾದವೇ ಎದ್ದಿತು. ಒಂದು ನುಡಿಗೆ ಹಲವು ಉಪಭಾಷೆಗಳಿರುತ್ತವೆಂಬ ಸಾಮಾನ್ಯ ಸಂಗತಿ ಹಾಲಿವುಡ್ಡಿಗೆ ಹಣ ಕಳೆದುಕೊಂಡ ಮೇಲೆ ತಿಳಿಯಿತು.

ಮೊದಲ ಅಕಾಡೆಮಿ ಪ್ರಶಸ್ತಿ ಪಡೆದ ನಟ ಎಮಿಲ್ ಜಾನಿಂಗ್ಸ್ ತನ್ನ ಜರ್ಮನ್ ಉಚ್ಚಾರಣೆಯ ದೆಸೆಯಿಂದ ಊರಿಗೆ ಹಿಂದಿರುಗಿದನು. ಚಿತ್ರಮಂದಿರಗಳ ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡರು. ಚಾಪ್ಲಿನ್ ಮಾತ್ರ ಪೂರ್ಣ ವಾಕ್ಚಿತ್ರಕ್ಕೆ 1940ರವರೆಗೂ ಒಲಿಯಲಿಲ್ಲ.

ಹಾಲಿವುಡ್ಡಿಗೆ ಗೋಡೆಯಾದುದು ಭಾರತದ ದೇಶಭಾಷೆಗಳಿಗೆ ಬಾಗಿಲಾಯಿತು. 1931ರಲ್ಲಿ 'ಆಲಂ ಆರಾ' ಬಂದಿತು. 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ತಯಾರಾದುದು ಮರಾಠಿ ಸೀಮೆಯ ಕೊಲ್ಲಾಪುರದಲ್ಲಿ. ಸುಬ್ಬಯ್ಯನಾಯ್ಡು ಅವರ ಇಂದ್ರಜಿತುವೂ ನಾಗೇಂದ್ರರಾಯರ ರಾವಣನೂ ತೆರೆಯ ಮೇಲಣ ತಮ್ಮ ಕನ್ನಡವನ್ನು ಮೊದಲು ನುಡಿದುದು ಅಲ್ಲಿಯೇ.